ನರಮಂಡಲದಲ್ಲಿ ಭಾಗ ಎರಡೋ, ಮೂರೋ?

ಪ್ರಶ್ನೆ: ಹೈಸ್ಕೂಲಿನಲ್ಲಿ ಓದುವ ಮಗಳಿಗೆ ನರಮಂಡಲದ ಪಾಠ ಹೇಳಿಕೊಡುತ್ತಿದ್ದೇನೆ. ಒಂದು ಪುಸ್ತಕ ಕೇಂದ್ರ ಮತ್ತು ಪರಿಧಿ ಅಂತ ಎರಡು ಭಾಗ ಹೇಳುತ್ತದೆ. ಇನ್ನೊಂದು ಪುಸ್ತಕ ಸ್ವಯಂನಿಯಂತ್ರಿತ ನರಮಂಡಲವನ್ನೂ ಪಕ್ಕಕ್ಕೆ ಸೇರಿಸಿ ಮೂರು ಎನ್ನುತ್ತದೆ. ಕರುಳಿಗೇ ಒಂದು ಬೇರೆ ನರಮಂಡಲ ಇದೆ ಅಂತ ಮತ್ತೆಲ್ಲೋ ಓದಿದೆ. “ಅಮ್ಮ, ಯಾವುದು ಸರಿ?” ಅಂತ ಮಗಳು ಕೇಳಿದಳು. ಹೇಳಲು ನನಗೆ ತಿಳಿಯಲಿಲ್ಲ. ಮೊಣಕಾಲಿಗೆ ತಟ್ಟಿದರೆ ಕಾಲು ತಾನಾಗಿ ಚಿಮ್ಮುತ್ತದಲ್ಲ, ಅದು ಯಾವ ಭಾಗದ ಕೆಲಸ ಅನ್ನುವುದೂ ಅವಳ ಪ್ರಶ್ನೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಎರಡನೇ ಪುಸ್ತಕ ಬೇರೆ ಬೇರೆ ಪ್ರಶ್ನೆಗಳ ಉತ್ತರಗಳನ್ನು ಒಂದೇ ಸಾಲಿನಲ್ಲಿ ಕೂರಿಸಿಬಿಟ್ಟಿದೆ. ಗೊಂದಲ ಹುಟ್ಟಿದ್ದು ಅಲ್ಲಿ.

ದೇಹದೊಳಗೆ ನರಮಂಡಲ ಒಂದೇ ಹೆಣಿಗೆ. ಅದರ ಮೇಲೆ ಗೆರೆ ಎಳೆದವರು ನಾವು. ಹಾಗೆ ಗೆರೆ ಎಳೆಯುವಾಗ ಮೂರು ಪ್ರಶ್ನೆ ಕೇಳಿಕೊಂಡಿದ್ದೇವೆ. ಇದು ಎಲ್ಲಿದೆ? ಸುದ್ದಿ ಯಾವ ಕಡೆಗೆ ಹೋಗುತ್ತಿದೆ? ಇದು ಯಾರ ಕೆಲಸ ಮಾಡುತ್ತಿದೆ? ಒಂದೊಂದು ಪ್ರಶ್ನೆಗೆ ಒಂದೊಂದು ವಿಂಗಡಣೆ. ಮೂರನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡರೆ ಎಲ್ಲವೂ ಜಾಗಕ್ಕೆ ಬಂದು ಕೂರುತ್ತದೆ.

ಗೆರೆ ನಮ್ಮದು ಅಂತ ಯಾಕೆ ಹೇಳಿದೆ ಅಂದರೆ, ನಿಮ್ಮ ಪಾದದೊಳಗಿನ ಒಂದು ಪುಟ್ಟ ಸ್ನಾಯುವನ್ನು ನೆನೆಸಿಕೊಳ್ಳಿ. ಅದನ್ನು ಆಡಿಸುವ ನರಕೋಶ ಇರುವುದು ಪಾದದಲ್ಲಲ್ಲ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಬೆನ್ನುಹುರಿಯ ಒಳಗೆ. ಅಲ್ಲಿಂದ ಹೊರಟ ಅದರ ಎಳೆ ಬೆನ್ನುಮೂಳೆಯಿಂದ ಆಚೆ ಬಂದು, ತೊಡೆಯ ಹಿಂಭಾಗದಲ್ಲಿ ಇಳಿದು, ಮೀನಖಂಡ ದಾಟಿ ಪಾದ ಸೇರುತ್ತದೆ. ಸುಮಾರು 1 ಮೀಟರ್ ಉದ್ದ. ಕೋಶ ಮಾತ್ರ ಒಂದೇ! ಅದರ ತಲೆ ಕೇಂದ್ರ ನರಮಂಡಲದಲ್ಲಿದೆ, ಬಾಲ ಪರಿಧಿ ನರಮಂಡಲದಲ್ಲಿದೆ. ನಾವು ಎಳೆದ ಗಡಿ ಒಂದೇ ಜೀವಕೋಶದ ಮೈಮೇಲೆ ಹಾದುಹೋಗಿದೆ. ಮಗಳಿಗೆ ಮೊದಲು ಇದನ್ನೇ ಹೇಳಿ.

ಈಗ ಮೊದಲ ಪ್ರಶ್ನೆ, ಎಲ್ಲಿದೆ ಅನ್ನುವುದು. ಇಲ್ಲಿ ಗಡಿ ಮೂಳೆ. ತಲೆಬುರುಡೆಯೊಳಗಿನ ಮೆದುಳು, ಬೆನ್ನುಮೂಳೆಯೊಳಗಿನ ಬೆನ್ನುಹುರಿ, ಇವೆರಡೂ ಸೇರಿ ಕೇಂದ್ರ ನರಮಂಡಲ. ಅಲ್ಲಿಂದ ಹೊರಗೆ ಹರಡಿದ್ದೆಲ್ಲ ಪರಿಧಿ ನರಮಂಡಲ. ನಿಮ್ಮ ಮೊದಲ ಪುಸ್ತಕ ಹೇಳುವುದು ಇದನ್ನೇ.

ಮೆದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ. ದೇಹದ ತೂಕದಲ್ಲಿ ಅದು ಶೇ. 2ರಷ್ಟು. ಆದರೆ ನಾವು ಸುಮ್ನೆ ಕೂತಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಶೇ. 20ರಷ್ಟನ್ನು ಅದೊಂದೇ ಬಳಸುತ್ತದೆ. ಅದರೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ಇವುಗಳಲ್ಲಿ ಹೆಚ್ಚಿನವು ಮಹಾಮಸ್ತಿಷ್ಕದಲ್ಲಿ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ತಲೆಯ ಹಿಂಭಾಗದಲ್ಲಿ, ಕೆಳಗೆ ಮುದುಡಿ ಕೂತಿರುವ ಅನುಮಸ್ತಿಷ್ಕದಲ್ಲೇ ಸುಮಾರು 6,900 ಕೋಟಿ ಇವೆ. ಮೆದುಳಿನ ತೂಕದಲ್ಲಿ ಅದರ ಪಾಲು ಹತ್ತರಲ್ಲಿ ಒಂದರಷ್ಟು ಮಾತ್ರ. ನಾವು ತೂಗಾಡದೆ ನಡೆಯುವುದು, ದಾರವನ್ನು ಸೂಜಿಯ ಕಣ್ಣಿಗೆ ಸರಿಯಾಗಿ ಪೋಣಿಸುವುದು, ಇಂಥ ನಾಜೂಕು ಕೆಲಸಗಳ ಲೆಕ್ಕಾಚಾರ ನಡೆಯುವುದು ಅಲ್ಲಿ.

ಬೆನ್ನುಹುರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜನರ ಭಯವೊಂದು ಅದರ ಜತೆ ಸೇರಿಕೊಂಡಿದೆ. ಅದು ಕಿರುಬೆರಳಿನಷ್ಟು ದಪ್ಪದ ಹುರಿ, 42ರಿಂದ 45 ಸೆಂಟಿಮೀಟರ್ ಉದ್ದ. ಬೆನ್ನುಮೂಳೆ ಅದಕ್ಕಿಂತ ಉದ್ದ. ಹೊಟ್ಟೆಯೊಳಗೆ ಮಗು ಮೂರು ತಿಂಗಳಿನದಾಗಿದ್ದಾಗ ಹುರಿ ಬೆನ್ನುಮೂಳೆಯ ಕೊಳವೆಯ ತುದಿಯ ತನಕ ತುಂಬಿಕೊಂಡಿರುತ್ತದೆ. ಆಮೇಲೆ ಮೂಳೆ ಬೇಗ ಬೆಳೆಯುತ್ತದೆ, ಹುರಿ ಹಿಂದೆ ಉಳಿಯುತ್ತದೆ. ದೊಡ್ಡವರಲ್ಲಿ ಹುರಿ ಸೊಂಟದ 1ನೇ ಅಥವಾ 2ನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಅದರ ಕೆಳಗಿನ ಕೊಳವೆಯಲ್ಲಿ ಇರುವುದು ನೀರಿನಂಥ ದ್ರವ ಮತ್ತು ಅದರಲ್ಲಿ ಇಳಿಬಿದ್ದ ನರಗಳ ಗೊಂಚಲು. ದೇಹ ಛೇದಿಸಿ ಕಲಿಯುವ ಕೋಣೆಯಲ್ಲಿ ನಾನು ಅದನ್ನು ಮೊದಲ ಸಲ ನೋಡಿದಾಗ ಎಳೆಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದ್ದೆ. ಬಾಚಿದ ಕೂದಲಿನ ಹಾಗೆ ಬೇರೆಯಾದವು. ವೈದ್ಯರು ಅದನ್ನು ಕುದುರೆಯ ಬಾಲ ಅಂತಲೇ ಕರೆಯುತ್ತಾರೆ. ಪರೀಕ್ಷೆಗೆ ಬೆನ್ನಿನಿಂದ ನೀರು ತೆಗೆಯುವಾಗ ಸೂಜಿ ಹಾಕುವುದು ಇದೇ ಜಾಗಕ್ಕೆ, ಸೊಂಟದ 3 ಮತ್ತು 4ನೇ ಮೂಳೆಗಳ ನಡುವೆ, ಇಲ್ಲವೇ 4 ಮತ್ತು 5ರ ನಡುವೆ. ಅಲ್ಲಿ ಹುರಿಯೇ ಇರುವುದಿಲ್ಲ. “ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲು ಬಿದ್ದುಹೋಗುತ್ತದೆ” ಅಂತ ಹೆದರಿ ಬೇಕಾದ ಪರೀಕ್ಷೆಯನ್ನೇ ಬೇಡ ಅನ್ನುವವರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಅವರ ಕೈಗೆ ಈ ಒಂದು ಚಿತ್ರ ಸಿಕ್ಕಿದ್ದರೆ ಸಾಕಿತ್ತು.

ಮೆದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೊತೆ. ಬೆನ್ನುಹುರಿಯಿಂದ ಹೊರಡುವವು 31 ಜೊತೆ. ಕುತ್ತಿಗೆಯಲ್ಲಿ 8, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5, ಬಾಲದ ಮೂಳೆಯ ಹತ್ತಿರ 1. ಕುತ್ತಿಗೆಯಲ್ಲಿ ಮೂಳೆ 7, ನರ ಮಾತ್ರ 8 ಹೇಗೆ ಅಂತ ಚುರುಕು ಮಕ್ಕಳು ಕೇಳುತ್ತಾರೆ. ಮೊದಲ ನರ ಮೊದಲ ಮೂಳೆಯ ಮೇಲಿನಿಂದ ಹೊರಬರುತ್ತದೆ, ಎಂಟನೆಯದು ಏಳನೇ ಮೂಳೆಯ ಕೆಳಗಿನಿಂದ. ಅಷ್ಟೇ.

ಒಳಗೆ, ಹೊರಗೆ ಅನ್ನುವ ಈ ಗಡಿ ಹೆಸರಿಗಷ್ಟೇ ಇರುವುದಲ್ಲ. ನರದ ಎಳೆಗಳ ಸುತ್ತ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ಹೊರಗಿನ ನರಗಳಿಗೆ ಅದನ್ನು ಸುತ್ತುವುದು ಶ್ವಾನ್ ಕೋಶಗಳು. ಒಳಗೆ ಸುತ್ತುವುದು ಬೇರೆಯೇ ಜಾತಿಯ ಕೋಶಗಳು, ಆಲಿಗೋಡೆಂಡ್ರೋಸೈಟ್‌ಗಳು. ಹಾಗಾಗಿ ರೋಗಗಳೂ ಗಡಿ ನೋಡಿಕೊಂಡೇ ಬರುತ್ತವೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಒಳಗಿನ ಹೊದಿಕೆಯನ್ನು ತಿನ್ನುತ್ತದೆ. ಜಿಬಿಎಸ್, ಅಂದರೆ ಗುಯಿಲಿನ್ ಬಾರೆ ಸಿಂಡ್ರೋಮ್, ಹೊರಗಿನ ನರಗಳ ಮೇಲೆ ಬೀಳುತ್ತದೆ. ಕೈಯ ನರ ತುಂಡಾಗಿ ಅದನ್ನು ಸರಿಯಾಗಿ ಹೊಲಿದರೆ ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ಮತ್ತೆ ಬೆಳೆಯುತ್ತಾ ಹೋಗುತ್ತವೆ. ಬೆನ್ನುಹುರಿ ತುಂಡಾದರೆ ಹಾಗೆ ಬೆಳೆಯುವುದಿಲ್ಲ. ಅಪಘಾತದಲ್ಲಿ ಪೆಟ್ಟು ಬಿದ್ದವರ ಮನೆಯವರು ಕೇಳುವ ಮೊದಲ ಪ್ರಶ್ನೆ “ಸರಿಹೋಗುತ್ತಾ ಡಾಕ್ಟ್ರೇ?” ಅಂತ. ಅದಕ್ಕೆ ಉತ್ತರ ಬಹಳ ಮಟ್ಟಿಗೆ ನಿಂತಿರುವುದು ಪೆಟ್ಟು ಗಡಿಯ ಯಾವ ಕಡೆ ಬಿದ್ದಿದೆ ಅನ್ನುವುದರ ಮೇಲೆ.

ಕಣ್ಣಿನ ನರದ ವಿಷಯದಲ್ಲಿ ಪಠ್ಯಪುಸ್ತಕಗಳು ಸ್ವಲ್ಪ ಎಡವುತ್ತವೆ. 12 ಜೊತೆಗಳಲ್ಲಿ ಎರಡನೆಯದು ಅದು, ಹಾಗಾಗಿ ಪಟ್ಟಿಯಲ್ಲಿ ಪರಿಧಿ ನರಮಂಡಲದ ಕೆಳಗೆ ಬರೆದಿರುತ್ತಾರೆ. ಆದರೆ ಅದು ಮೆದುಳಿನದೇ ಚಾಚಿಕೊಂಡ ಭಾಗ. ಮೆದುಳಿಗೆ ಇರುವ ಮೂರು ಪದರದ ಹೊದಿಕೆ ಅದಕ್ಕೂ ಇದೆ, ಮಯಲಿನ್ ಸುತ್ತುವ ಕೋಶಗಳೂ ಒಳಗಿನವೇ. ಅದಕ್ಕೇ ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವ ಎಷ್ಟೋ ಜನರಿಗೆ ಒಂದು ಕಣ್ಣು ಮಂಜಾಗುವುದೇ ಮೊದಲ ಲಕ್ಷಣ. ವೈದ್ಯರು ಸಣ್ಣ ಬೆಳಕಿನ ಉಪಕರಣ ಹಿಡಿದು ಕಣ್ಣಿನ ಪಾಪೆಯೊಳಗೆ ಇಣುಕುತ್ತಾರಲ್ಲ, ಆಗ ಅವರು ನೋಡುತ್ತಿರುವುದು ಕೇಂದ್ರ ನರಮಂಡಲದ ಒಂದು ತುಣುಕನ್ನು. ಎಲ್ಲೂ ಕೊಯ್ಯದೆ ಅದನ್ನು ಕಣ್ಣಾರೆ ಕಾಣಲು ಸಿಗುವ ಜಾಗ ಅದು. ತಲೆಯೊಳಗಿನ ಒತ್ತಡ ಏರಿದರೆ ಆ ನರದ ಬುಡ ಊದಿಕೊಂಡಿರುವುದು ಅಲ್ಲಿ ಕಾಣಿಸುತ್ತದೆ.

ಎಲ್ಲಿದೆ ಅನ್ನುವ ಪ್ರಶ್ನೆಯನ್ನು ಮಗಳು ತನ್ನ ಕೈಯಲ್ಲೇ ನೋಡಬಹುದು. ಮೊಣಕೈಯ ಒಳಬದಿಯ ಗಂಟು ಬಾಗಿಲಿಗೆ ತಾಗಿದಾಗ ಕರೆಂಟ್ ಹೊಡೆದಂತೆ ಜುಂ ಅನ್ನುತ್ತದೆ ಅಲ್ವಾ? ಪೆಟ್ಟು ಬಿದ್ದಿದ್ದು ಮೊಣಕೈಗೆ, ಜುಂ ಅಂದಿದ್ದು ಕಿರುಬೆರಳು. ಯಾಕೆಂದರೆ ಅಲ್ಲಿ ಚರ್ಮಕ್ಕೆ ತೀರಾ ಹತ್ತಿರವಾಗಿ ಅಲ್ನಾರ್ ನರ ಹಾದುಹೋಗುತ್ತದೆ. ಅದು ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗದ ಸುದ್ದಿ ತರುವ ನರ. ದಾರಿಯ ನಡುವೆ ಯಾರು ತಟ್ಟಿದರೂ ಮೆದುಳು ಅದನ್ನು ಬೆರಳಿನಿಂದ ಬಂದ ಸುದ್ದಿ ಎಂದೇ ತಿಳಿಯುತ್ತದೆ. ಕೈ ಜೋಮು ಹಿಡಿಯುತ್ತದೆ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು “ಯಾವ ಬೆರಳು?” ಅಂತ. ಕಿರುಬೆರಳ ಕಡೆ ಅಂದರೆ ಮೊಣಕೈ ನೋಡುತ್ತೇನೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಅಂದರೆ ಮಣಿಕಟ್ಟು. ಒಂದು ಬದಿಯ ಮುಖ, ಕೈ, ಕಾಲು ಒಟ್ಟಿಗೇ ಇದ್ದಕ್ಕಿದ್ದಂತೆ ಮರಗಟ್ಟಿದರೆ ಅದು ಕೈಯ ವಿಷಯವೇ ಅಲ್ಲ, ಮೆದುಳಿನದು. ಆಗ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಎರಡನೇ ಪ್ರಶ್ನೆ, ಸುದ್ದಿ ಯಾವ ಕಡೆಗೆ? ಚರ್ಮ, ಸ್ನಾಯು, ಕಣ್ಣು, ಕಿವಿಯಿಂದ ಒಳಗೆ ಬರುವುದು ಒಂದು ಬಗೆ, ಅದು ಸಂವೇದಕ. ಒಳಗಿನಿಂದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವುದು ಇನ್ನೊಂದು, ಅದು ಚಾಲಕ. ಬೆನ್ನುಹುರಿಯ ಪ್ರತಿ ನರಕ್ಕೂ ಎರಡು ಬೇರು ಇರುತ್ತವೆ. ಮುಂದಿನ ಬೇರನ್ನು ಮುಟ್ಟಿದರೆ ಸ್ನಾಯು ಸೆಳೆಯುತ್ತದೆ ಅಂತ ಚಾರ್ಲ್ಸ್ ಬೆಲ್ 1811ರಲ್ಲಿ ಬರೆದರು. ಹಿಂದಿನ ಬೇರು ಸಂವೇದನೆಗೆ, ಮುಂದಿನದು ಚಲನೆಗೆ ಅಂತ ಪ್ರಯೋಗ ಮಾಡಿ ಸ್ಪಷ್ಟವಾಗಿ ತೋರಿಸಿದವರು ಫ್ರಾನ್ಸಿನ ಫ್ರಾನ್ಸ್ವಾ ಮಜಾಂಡಿ, 1822ರಲ್ಲಿ. ಬೇರುಗಳು ಸ್ವಲ್ಪ ಆಚೆ ಸೇರಿ ಒಂದೇ ನರವಾಗುತ್ತವೆ. ಅಲ್ಲಿಂದ ಮುಂದೆ ಬರುವ ಎಳೆ, ಹೋಗುವ ಎಳೆ ಎಲ್ಲ ಒಂದೇ ಕಟ್ಟಿನಲ್ಲಿ.

ಹಿಂದಿನ ಬೇರಿನ ಮೇಲೆ ಸಣ್ಣ ಗಂಟೊಂದಿದೆ. ಸಂವೇದಕ ಕೋಶಗಳ ಮನೆ ಅದು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆದಾಗ ಅದರ ವೈರಸ್ ಇಲ್ಲಿ ಬಂದು ಅಡಗಿ ಕೂರುತ್ತದೆ. ಹತ್ತಾರು ವರ್ಷಗಳಾದ ಮೇಲೆ ಎದ್ದರೆ, ಯಾವ ಗಂಟಿನಲ್ಲಿ ಅಡಗಿತ್ತೋ ಆ ನರದ ಪಟ್ಟಿಯುದ್ದಕ್ಕೂ ಗುಳ್ಳೆ ಏಳುತ್ತದೆ. ಅದೇ ಸರ್ಪಸುತ್ತು. ಎದೆಭಾಗದ 10ನೇ ನರವಾದರೆ ಹೊಕ್ಕುಳ ಮಟ್ಟದಲ್ಲಿ ಪಟ್ಟಿ ಕಟ್ಟಿದ ಹಾಗೆ, ಒಂದೇ ಬದಿಗೆ. ಬೆನ್ನಿನಿಂದ ಹೊರಟು ಹೊಟ್ಟೆಯ ನಡುಗೆರೆಗೆ ಬಂದು ನಿಂತುಬಿಡುತ್ತದೆ, ಯಾಕೆಂದರೆ ಆ ನರದ ಹದ್ದು ಅಲ್ಲಿಗೆ ಮುಗಿಯಿತು.

ಮೊಣಕಾಲಿನ ಉತ್ತರವೂ ಇಲ್ಲೇ ಇದೆ. ಮಗಳನ್ನು ಕಾಲು ಇಳಿಬಿಟ್ಟು ಮೇಜಿನ ಅಂಚಿಗೆ ಕೂರಿಸಿ. ಮೊಣಕಾಲ ಚಿಪ್ಪಿನ ಕೆಳಗೆ ಬಿಗಿಯಾದ ಪಟ್ಟಿಯೊಂದು ಕೈಗೆ ಸಿಗುತ್ತದೆ. ಅಂಗೈಯ ಅಂಚಿನಿಂದ ಅಲ್ಲಿ ಮೆಲ್ಲಗೆ ತಟ್ಟಿ. ತಟ್ಟಿದಾಗ ತೊಡೆಯ ಮುಂದಿನ ಸ್ನಾಯು ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ, ಅಲ್ಲಿ ನೇರವಾಗಿ ಚಾಲಕ ಕೋಶಕ್ಕೆ ದಾಟುತ್ತದೆ, ಸ್ನಾಯು ಸೆಳೆದು ಕಾಲು ಚಿಮ್ಮುತ್ತದೆ. ನಡುವೆ ಇರುವುದು ಒಂದೇ ಒಂದು ಕೊಂಡಿ. ಸುದ್ದಿ ಮೆದುಳಿಗೂ ಹೋಗುತ್ತದೆ, ಆದರೆ ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಹಾಗಾದರೆ ಇದು ಯಾವ ಭಾಗದ ಕೆಲಸ? ಎರಡರದೂ. ಸುದ್ದಿ ಬಂದಿದ್ದೂ ಅಪ್ಪಣೆ ಹೋಗಿದ್ದೂ ಪರಿಧಿಯಲ್ಲಿ, ತೀರ್ಮಾನ ಆಗಿದ್ದು ಕೇಂದ್ರದಲ್ಲಿ. ಬೆನ್ನುಹುರಿಯೂ ಕೇಂದ್ರವೇ ಅನ್ನುವುದನ್ನು ಮಕ್ಕಳು ಮರೆಯುತ್ತಾರೆ.

ಎಲ್ಲ ಎಳೆಗಳೂ ಒಂದೇ ವೇಗದವಲ್ಲ. ಸ್ನಾಯುವಿನ ಈ ಸುದ್ದಿ ತರುವ ದಪ್ಪ ಎಳೆಗಳು ಸೆಕೆಂಡಿಗೆ 100 ಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲವು. ನೋವು ತರುವ ಎಳೆಗಳಲ್ಲಿ ಎರಡು ಬಗೆ. ತೆಳು ಹೊದಿಕೆಯವು ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತವೆ, ಹೊದಿಕೆ ಇಲ್ಲದವು ಅರ್ಧದಿಂದ 2 ಮೀಟರ್ ಮಾತ್ರ. ಕಾಲ್ಬೆರಳು ಕಲ್ಲಿಗೆ ಎಡವಿದಾಗ ಮೊದಲು ಚುರುಕ್ ಅನ್ನುತ್ತದೆ. ಒಂದು ಕ್ಷಣ ಬಿಟ್ಟು, ಹಲ್ಲು ಕಚ್ಚುವಂಥ ಮಂದ ನೋವು ಏರಿ ಬರುತ್ತದೆ. ಪೆಟ್ಟು ಒಂದೇ, ಅದರ ಸುದ್ದಿ ತಂದವರು ಇಬ್ಬರು, ನಿಧಾನದವನು ಆಮೇಲೆ ಬಂದ.

ಇನ್ನು ಮೂರನೇ ಪ್ರಶ್ನೆ, ಯಾರ ಕೆಲಸ? ನಿಮ್ಮ ಎರಡನೇ ಪುಸ್ತಕ ತೊಡಕಾಗಿಸಿದ್ದು ಇದನ್ನು. ಕೈಕಾಲು ಆಡಿಸುವುದು, ಚರ್ಮದ ಸ್ಪರ್ಶ ತಿಳಿಯುವುದು, ಇದು ಕಾಯಿಕ ನರಮಂಡಲ. ಹೃದಯ, ರಕ್ತನಾಳ, ಬೆವರು, ಜೊಲ್ಲು, ಮೂತ್ರಕೋಶ, ಇವುಗಳನ್ನು ನಮ್ಮನ್ನು ಕೇಳದೆ ನೋಡಿಕೊಳ್ಳುವುದು ಸ್ವಯಂನಿಯಂತ್ರಿತ ನರಮಂಡಲ. ಇದಕ್ಕೆ ಅಟಾನಮಿಕ್ ಅನ್ನುವ ಹೆಸರು ಕೊಟ್ಟವರು ಇಂಗ್ಲೆಂಡಿನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ, 1898ರಲ್ಲಿ. ಪುಸ್ತಕಗಳು ಇದನ್ನು ಸಾಮಾನ್ಯವಾಗಿ ಪರಿಧಿಯ ಕೆಳಗೆ ಬರೆಯುತ್ತವೆ. ಪರೀಕ್ಷೆಯಲ್ಲಿ ಮಗಳು ಹಾಗೇ ಬರೆಯಲಿ. ಆದರೆ ಇದರ ಹಿಡಿತವೆಲ್ಲ ಮೆದುಳಿನ ಹೈಪೋಥಲಾಮಸ್ ಮತ್ತು ಮೆದುಳಿನ ಕಾಂಡದಲ್ಲಿದೆ, ಮೊದಲ ಕೋಶಗಳು ಕಾಂಡ ಮತ್ತು ಬೆನ್ನುಹುರಿಯಲ್ಲಿವೆ. ಅಂದರೆ ಇದು ಒಳಗೂ ಇದೆ, ಹೊರಗೂ ಇದೆ. ಅದಕ್ಕೇ ಕೇಂದ್ರ, ಪರಿಧಿಗಳ ಪಕ್ಕದಲ್ಲಿ ಮೂರನೆಯದಾಗಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಊರನ್ನು ಬೀದಿಯ ಪ್ರಕಾರ ವಿಂಗಡಿಸುತ್ತಾ ಹೋಗಿ, ಕೊನೆಗೆ ಒಂದು ಸಾಲಿನಲ್ಲಿ ಬಡಗಿಗಳು ಅಂತ ಬರೆದ ಹಾಗಾಯಿತು ಅದು.

ಸ್ವಯಂನಿಯಂತ್ರಿತದಲ್ಲಿ ಮತ್ತೆ ಎರಡು ಕವಲು. ಸಿಂಪಥೆಟಿಕ್ ಕವಲು ಎದೆ ಮತ್ತು ಸೊಂಟದ ಮೇಲ್ಭಾಗದ ಹುರಿಯಿಂದ ಹೊರಡುತ್ತದೆ. ಪ್ಯಾರಾಸಿಂಪಥೆಟಿಕ್ ಕವಲು ಮೆದುಳಿನ ಕಾಂಡದಿಂದ ಮತ್ತು ಹುರಿಯ ತೀರಾ ಕೆಳತುದಿಯಿಂದ ಹೊರಡುತ್ತದೆ. ಒಂದು ಆಕ್ಸಲರೇಟರ್, ಇನ್ನೊಂದು ಬ್ರೇಕ್ ಅಂತ ಹೇಳಿಕೊಡುವುದುಂಟು. ಹೃದಯದ ಮಟ್ಟಿಗೆ ಅದು ಸರಿ, ಎಲ್ಲ ಕಡೆಗೂ ಅಲ್ಲ. ಬೆವರಿನ ಗ್ರಂಥಿಗಳಿಗೆ, ಹೆಚ್ಚಿನ ರಕ್ತನಾಳಗಳಿಗೆ ಸಿಂಪಥೆಟಿಕ್ ನರ ಮಾತ್ರ ಇದೆ. ಸಿಂಪಥೆಟಿಕ್ ಅಂದರೆ ಬರೀ ಹೆದರಿದಾಗ ಕೆಲಸ ಮಾಡುವುದು ಅನ್ನುವುದೂ ತಪ್ಪು. ಬೆಳಗ್ಗೆ ಹಾಸಿಗೆಯಿಂದ ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ಆ ಕ್ಷಣದಲ್ಲೇ ಅದು ರಕ್ತನಾಳಗಳನ್ನು ಬಿಗಿಮಾಡದಿದ್ದರೆ ಕಣ್ಣು ಕತ್ತಲಿಟ್ಟು ಬಿದ್ದುಬಿಡುತ್ತೇವೆ.

ಮೂರೂ ವಿಂಗಡಣೆ ಒಂದೇ ಜಾಗದಲ್ಲಿ ಸೇರುವುದನ್ನು ನೋಡಬೇಕಾದರೆ ಮೂತ್ರಕೋಶ ನೋಡಬೇಕು. ನನಗೆ ಬಹಳ ಇಷ್ಟವಾದ ಉದಾಹರಣೆ ಇದು. ತುಂಬುತ್ತಿರುವಾಗ ಸಿಂಪಥೆಟಿಕ್ ನರ ಅದರ ಗೋಡೆಯನ್ನು ಸಡಿಲವಾಗಿ, ಕುತ್ತಿಗೆಯನ್ನು ಬಿಗಿಯಾಗಿ ಇಡುತ್ತದೆ. ಹೊರಗಿನ ಬಿಗಿಪಟ್ಟಿ ಮಾತ್ರ ಕಾಯಿಕ ನರದ ಕೈಯಲ್ಲಿ, ಅಂದರೆ ನಮ್ಮ ಕೈಯಲ್ಲಿ. ತುಂಬಿದ ಸುದ್ದಿ ಮೇಲೇರಿ ಮೆದುಳಿನ ಮುಂಭಾಗಕ್ಕೆ ಮುಟ್ಟುತ್ತದೆ. “ಈಗ ಬೇಡ, ಸ್ವಲ್ಪ ತಡೆ” ಅನ್ನುವುದು ಅಲ್ಲಿಂದ. ಅನುಮತಿ ಸಿಕ್ಕಾಗ ಮೆದುಳಿನ ಕಾಂಡದ ಪಾನ್ಸ್ ಅನ್ನುವ ಭಾಗ ಎಲ್ಲವನ್ನೂ ಒಟ್ಟಿಗೆ ತಿರುಗಿಸುತ್ತದೆ. ಪ್ಯಾರಾಸಿಂಪಥೆಟಿಕ್ ನರ ಗೋಡೆಯನ್ನು ಹಿಂಡುತ್ತದೆ, ಅದೇ ಹೊತ್ತಿಗೆ ಬಿಗಿಪಟ್ಟಿ ಸಡಿಲವಾಗುತ್ತದೆ. ಕೂಸುಗಳಲ್ಲಿ ಮೇಲಿನ ಈ ತಡೆ ಇನ್ನೂ ಬಲಿತಿರುವುದಿಲ್ಲ. ತುಂಬಿತು, ಖಾಲಿಯಾಯಿತು, ಅಷ್ಟೇ. ಅದು ಬಲಿಯಲು ವರ್ಷಗಳು ಬೇಕು. ಹಾಸಿಗೆ ಒದ್ದೆ ಮಾಡಿದ ಪುಟ್ಟ ಮಗುವನ್ನು ದಯವಿಟ್ಟು ಯಾರೂ ಹೊಡೆಯಬೇಡಿ. ಅದು ಹಟ ಅಲ್ಲ.

ಉಳಿದಿದ್ದು ಕರುಳು. ನೀವು ಓದಿದ್ದು ನಿಜ. ಅನ್ನನಾಳದಿಂದ ಗುದದ ತನಕ ಕರುಳಿನ ಗೋಡೆಯೊಳಗೆ ನರಕೋಶಗಳ ಎರಡು ಬಲೆ ಹಾಸಿವೆ. ಸ್ನಾಯುವಿನ ಎರಡು ಪದರಗಳ ನಡುವೆ ಒಂದು, ಒಳಪದರದ ಕೆಳಗೆ ಇನ್ನೊಂದು. ಅವುಗಳಲ್ಲಿ ಒಟ್ಟು 10 ಕೋಟಿಗಿಂತ ಜಾಸ್ತಿ ನರಕೋಶಗಳು. ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು 1899ರಲ್ಲಿ ತೋರಿಸಿದಂತೆ, ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದರೂ ಕರುಳು ಒಳಗಿನದನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಹಿಂದೆ ಹಿಂಡಬೇಕು, ಮುಂದೆ ಸಡಿಲಬೇಕು ಅನ್ನುವ ಲೆಕ್ಕ ಅದಕ್ಕೇ ಗೊತ್ತು. ಅದಕ್ಕೇ ಲ್ಯಾಂಗ್ಲಿ ಸ್ವಯಂನಿಯಂತ್ರಿತ ನರಮಂಡಲವನ್ನು ಎರಡಲ್ಲ, ಮೂರು ಎಂದು ಎಣಿಸಿದರು. ಸಿಂಪಥೆಟಿಕ್, ಪ್ಯಾರಾಸಿಂಪಥೆಟಿಕ್, ಮೂರನೆಯದು ಕರುಳಿನದು. ಎಷ್ಟೋ ಪುಸ್ತಕಗಳು ಮೂರನೆಯದನ್ನು ಬಿಟ್ಟುಬಿಡುತ್ತವೆ. ಹಾಗಂತ ಅದನ್ನು ಎರಡನೇ ಮೆದುಳು ಅಂತ ಕರೆಯುವುದೂ ನನಗೆ ಇಷ್ಟವಿಲ್ಲ, ಕರುಳು ಯೋಚನೆ ಮಾಡುವುದಿಲ್ಲ. ಅದು ಮೆದುಳಿಗೆ ಸುದ್ದಿ ಕಳಿಸುತ್ತದೆ, ಅದೂ ಧಾರಾಳವಾಗಿ. ಮೆದುಳಿನಿಂದ ಹೊಟ್ಟೆಯ ತನಕ ಇಳಿಯುವ ವೇಗಸ್ ನರದಲ್ಲಿ ನೂರಕ್ಕೆ ಸುಮಾರು 80 ಎಳೆಗಳು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವವು.

ಕರುಳಿನ ಈ ಬಲೆ ಎಷ್ಟು ಮುಖ್ಯ ಅನ್ನುವುದು ಅದು ಇಲ್ಲದಾಗ ಗೊತ್ತಾಗುತ್ತದೆ. ಭ್ರೂಣದಲ್ಲಿ ಈ ನರಕೋಶಗಳು ಬೇರೆ ಕಡೆ ಹುಟ್ಟಿ, ಕರುಳಿನ ಗೋಡೆಯುದ್ದಕ್ಕೂ ಮೇಲಿನಿಂದ ಕೆಳಕ್ಕೆ ನಡೆದುಬರಬೇಕು. ಕೆಲವು ಮಕ್ಕಳಲ್ಲಿ ಅವು ಕೊನೆಯ ತನಕ ಬಂದು ಮುಟ್ಟುವುದಿಲ್ಲ. ಇದಕ್ಕೆ ಹರ್ಷ್‌ಸ್ಪ್ರಂಗ್ ಕಾಯಿಲೆ ಅಂತ ಹೆಸರು. ಮಗುವಿನ ಮೆದುಳು ಚೆನ್ನಾಗಿರುತ್ತದೆ, ಬೆನ್ನುಹುರಿ ಚೆನ್ನಾಗಿರುತ್ತದೆ, ಕರುಳಿನಲ್ಲಿ ತೂತಾಗಲಿ ಗಂಟಾಗಲಿ ಇರುವುದಿಲ್ಲ. ಆದರೆ ಕೋಶಗಳಿಲ್ಲದ ಆ ಕೊನೆಯ ತುಂಡಿಗೆ ಸಡಿಲವಾಗಲು ಬರುವುದಿಲ್ಲ. ಅದು ಮುಚ್ಚಿದ ಮುಷ್ಟಿಯಂತೆ ಬಿಗಿದುಕೊಂಡೇ ಇರುತ್ತದೆ, ಅದರ ಮೇಲಿನ ಕರುಳು ಉಬ್ಬುತ್ತಾ ಹೋಗುತ್ತದೆ. ಹುಟ್ಟಿ 48 ಗಂಟೆ ಕಳೆದರೂ ಕೂಸಿಗೆ ಮೊದಲ ಕಪ್ಪು ಮಲ ಆಗದಿದ್ದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿ ಆದರೆ, ಮಕ್ಕಳ ವೈದ್ಯರು ಇದನ್ನು ನೆನೆಯುತ್ತಾರೆ. ಒಂದು ಚೂರು ಗೋಡೆ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಆ ಕೋಶಗಳನ್ನು ಹುಡುಕುತ್ತಾರೆ. ಸಿಗದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಆ ತುಂಡನ್ನು ತೆಗೆದು, ಕೋಶಗಳಿರುವ ಕರುಳನ್ನು ಕೆಳಕ್ಕೆ ಎಳೆದು ಜೋಡಿಸುತ್ತಾರೆ.